ಅಪ್‌ಡೇಟ್: ಎಫ್‌ಟಿಪಿ ಸರ್ವರ್‌ನಿಂದ ಕಡತಪಟ್ಟಿ ಈಗ ಬರುತ್ತಿದೆ

ನನ್ನ ಲಿನಕ್ಸ್ ಯಂತ್ರದ ವಿಎಸ್‌ಎಫ್‌ಟಿಪಿಡಿ (ಎಫ್‌ಟಿಪಿ ಎಂಬ ಕಡತ ವರ್ಗಾವಣೆ ವಿಧಾನದ ತಂತ್ರಾಂಶ) ಸರ್ವರ್‌ಗೆ ಲಾಗಿನ್ ಆದರೂ ಕಡತಗಳ ಪಟ್ಟಿ ಬಾರದೆ ಸಂಪರ್ಕ ಕಡಿದುಹೋಗುತ್ತಿದೆ ಎಂದು ಕೇಳಿದ್ದೆ; ಆ ಸಮಸ್ಯೆ ಈಗ ಬಗೆಹರಿದಿದೆ. ಅನುಮತಿಯಿಲ್ಲದ ಜಾಲ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್‌ನಲ್ಲಿ ನಾನು 21ನೇ ಪೋರ್ಟನ್ನು (ಸಂಪರ್ಕ ಒಳಬರುವ ಸಂಖ್ಯೆಯುಳ್ಳ ದ್ವಾರ) ಮಾತ್ರ ತೆರೆದಿದ್ದೆ. ಆಜ್ಞೆಗಳು ಆ ಪೋರ್ಟಿನಲ್ಲಿ ಸಾಗುತ್ತವೆಯಾದರೂ, ಪ್ಯಾಸಿವ್ ವಿಧಾನದಲ್ಲಿ (ದತ್ತಾಂಶದ ಸಂಪರ್ಕವನ್ನೂ ಬಳಕೆದಾರನ ಯಂತ್ರವೇ ಆರಂಭಿಸುವ ವಿಧಾನ) ಪಟ್ಟಿಗೂ ಕಡತಗಳಿಗೂ ಸರ್ವರ್ ಪ್ರತಿ ಸಲ ಬೇರೊಂದು ಪೋರ್ಟನ್ನು ಸೂಚಿಸುತ್ತದೆ. ಟಿಎಲ್‌ಎಸ್ ಎಂಬ ಗೂಢಲಿಪೀಕರಣ ಇಲ್ಲದಿದ್ದಾಗ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಸಂಪರ್ಕ ನಿಗಾ ಮಾಡ್ಯೂಲ್ ಆ ಸೂಚನೆಯನ್ನು ಓದಿ ದಾರಿ ಬಿಡುತ್ತಿತ್ತು; ಗೂಢಲಿಪೀಕರಣ ಸೇರಿಸಿದ ಮೇಲೆ ಅದನ್ನು ಓದುವುದು ಸಾಧ್ಯವಾಗಲಿಲ್ಲ. ಎರಡು ದಿನ ನನ್ನನ್ನು ದಾರಿ ತಪ್ಪಿಸಿದ್ದು ಇದೇ, ಏಕೆಂದರೆ ಹಿಂದೆ ಎಲ್ಲವೂ ಸರಿಯಾಗಿದ್ದುದರಿಂದ ಫೈರ್‌ವಾಲನ್ನು ನಾನು ಅನುಮಾನಿಸಲೇ ಇಲ್ಲ. ಸಂರಚನಾ ಕಡತದಲ್ಲಿ ಪ್ಯಾಸಿವ್ ಪೋರ್ಟ್‌ಗಳನ್ನು 40000ದಿಂದ 40100ರವರೆಗೆ ಸೀಮಿತಗೊಳಿಸಿ, ಅಷ್ಟನ್ನೇ ಫೈರ್‌ವಾಲ್‌ನಲ್ಲಿ ತೆರೆದು, ಸೇವೆಯನ್ನು ಮರುಪ್ರಾರಂಭಿಸಿದ ಕೂಡಲೇ ಪಟ್ಟಿ ಬಂದಿತು. ದೊಡ್ಡ ಕಡತಗಳೂ ತಡೆಯಿಲ್ಲದೆ ವರ್ಗವಾಗುತ್ತಿವೆ.