ಸಹಾಯ ಬೇಕು: ಕರಾರಿನ ‘ಪ್ರೆಮಿಸಸ್’ನಲ್ಲಿ ಹಿತ್ತಿಲೂ ಸೇರುತ್ತದಾ?

ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ಒಂದು ಅಂಗಡಿ ಬಾಡಿಗೆಗೆ ಹಿಡಿಯುತ್ತಿದ್ದೇನೆ. ಒಂದೇ ಶಟರ್‌ನ ಕೋಣೆ, ಹಿಂದೆ ಬಾವಿಕಟ್ಟೆ, ಸ್ವಲ್ಪ ಹಿತ್ತಿಲು. ಮುರುಗಲು ಸಿಪ್ಪೆ ಒಣಗಿಸಲು ನನಗೆ ಆ ಹಿತ್ತಿಲೇ ಮುಖ್ಯ. ಇಂಗ್ಲಿಷ್ ಕರಾರಿನಲ್ಲಿ ಬಾಡಿಗೆಗೆ ಕೊಡುವ ಜಾಗಕ್ಕೆ ಉದ್ದಕ್ಕೂ ‘ಪ್ರೆಮಿಸಸ್’ (premises) ಅಂತಷ್ಟೇ ಇದೆ.

ಕಟ್ಟಡ ಒಂದೇ ಇದ್ದರೂ ಈ ಶಬ್ದ ಬಹುವಚನದಲ್ಲೇ ಇರುತ್ತದೆ. ಏಕವಚನದ ‘ಪ್ರೆಮಿಸ್’ ಅಂದರೆ ವಾದದ ಆಧಾರ, ಅದೇ ಬೇರೆ. ಹಳೇ ಆಸ್ತಿಪತ್ರಗಳಲ್ಲಿ ‘ಮೇಲೆ ಹೇಳಿದ್ದು’ ಅನ್ನುವ ಅರ್ಥದಿಂದ ಬಂದ ಶಬ್ದ ಇದು. ನಮ್ಮ ಕರಾರಿನಲ್ಲಿ ಮೇಲೆ ಹೇಳಿದ್ದು ಅಂಗಡಿ ನಂಬರ್ ಮಾತ್ರ! ಸಾಮಾನ್ಯವಾಗಿ ಕಟ್ಟಡದ ಜೊತೆ ಅದರ ಜಾಗವೂ ಸೇರುತ್ತದೆ ಅಲ್ವಾ?

ಮಾಲೀಕರು “ಸುಮ್ನೆ ಸಹಿ ಹಾಕಿ ಮಾರಾಯ್ರೇ” ಅನ್ನುತ್ತಾರೆ. ಹಿತ್ತಿಲು, ಬಾವಿ ಅಂತ ಬೇರೆಯಾಗಿ ಬರೆಸಬೇಕಾ? ವಕೀಲರು, ಪತ್ರ ಬರೆಯುವವರು ಇದ್ದರೆ ದಯವಿಟ್ಟು ತಿಳಿಸಿ.