ಅಕ್ರಿಲಿಕ್ ಬಣ್ಣದ ವಿಷಯದಲ್ಲಿ ‘ತಿಳಿ’ ಅಂದರೆ ಯಾವ ತಿಳಿ?

ಗೆಳೆಯರೇ,

ಟೇಬಲ್ ಮೇಲೆ ಆಡುವ ಯುದ್ಧದಾಟಗಳ ಪುಟ್ಟ ಗೊಂಬೆಗಳಿಗೆ ಬಣ್ಣ ಹಚ್ಚುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಯಾವ ಅಕ್ರಿಲಿಕ್ ಬಣ್ಣ ಕೊಳ್ಳಬೇಕು ಅನ್ನುವ ಮೊದಲ ಅಧ್ಯಾಯದಲ್ಲೇ ಎರಡು ಪದಗಳು ಕಾಲಿಗೆ ತೊಡರುತ್ತಿವೆ: ‘ತಿಳಿ’ ಮತ್ತು ‘ಗಟ್ಟಿ’. ನಿಮ್ಮ ಸಲಹೆ ಬೇಕು.

‘ಬಣ್ಣವನ್ನು ತಿಳಿ ಮಾಡಿಕೊಳ್ಳಿ’ ಎಂದು ಬರೆದೆ ಅಂತಿಟ್ಟುಕೊಳ್ಳಿ. ಓದುವವರು ಏನು ಮಾಡಬೇಕು? ತಿಳಿನೀಲಿ, ತಿಳಿಹಸಿರು ಅನ್ನುವ ರೂಢಿ ಇರುವುದರಿಂದ ಒಬ್ಬರು ಬಿಳಿ ಬೆರೆಸುತ್ತಾರೆ. ತಿಳಿನೀರು ನೆನಪಾದವರು ನೀರು ಬೆರೆಸುತ್ತಾರೆ. ಕೆಂಪಿಗೆ ಬಿಳಿ ಬೆರೆಸಿದರೆ ಗುಲಾಬಿ ಬಣ್ಣ ಬರುತ್ತದೆ. ನೀರು ಬೆರೆಸಿದರೆ ಕೆಂಪು ಕೆಂಪಾಗಿಯೇ ಉಳಿದು ಸಲೀಸಾಗಿ ಹರಡುತ್ತದೆ. ನನಗೆ ಬೇಕಿದ್ದದ್ದು ಎರಡನೆಯದು.

‘ಗಟ್ಟಿ’ಯ ಕಥೆ ಇನ್ನೂ ಕಷ್ಟ. ಬಾಟಲಿಯಲ್ಲಿ ಕೆನೆಯಂತೆ ಇರುವುದೂ ಗಟ್ಟಿ ಬಣ್ಣ, ಒಣಗಿ ಹಾಳಾದದ್ದೂ ಗಟ್ಟಿ ಬಣ್ಣ. ಮೊದಲನೆಯದಕ್ಕೆ ನೀರು ಹಾಕಬಹುದು. ಎರಡನೆಯದಕ್ಕೆ ಹಾಕಿ ಪ್ರಯೋಜನವಿಲ್ಲ. ಅಕ್ರಿಲಿಕ್ ಒಮ್ಮೆ ಪೂರ್ತಿ ಒಣಗಿದರೆ ಮತ್ತೆ ನೀರಲ್ಲಿ ಕರಗುವುದಿಲ್ಲ. ಇದರ ಜೊತೆಗೆ, ಕೆಳಗಿನ ಬಣ್ಣವನ್ನು ಚೆನ್ನಾಗಿ ಮರೆಮಾಡುವ ಬಣ್ಣಕ್ಕೂ ನಾವು ಗಟ್ಟಿ ಅಂತಲೇ ಹೇಳುತ್ತೇವೆ ಅಲ್ವಾ? ಹೊಸಬರು ಕೆಡುವುದು ಇಲ್ಲೇ.

ಹಳದಿಯನ್ನು ನೋಡಿ. ಕಪ್ಪು ಪ್ರೈಮರ್ (ಎಲ್ಲಕ್ಕಿಂತ ಮೊದಲು ಹೊಡೆಯುವ ತಳಬಣ್ಣ) ಹೊಡೆದ ಗೊಂಬೆಯ ಮೇಲಂಗಿಗೆ ಹಳದಿ ಹಚ್ಚಿದರೆ, ಬಾಟಲಿಯಲ್ಲಿ ಎಷ್ಟೇ ದಪ್ಪಗಿದ್ದರೂ ಒಣಗಿದ ಮೇಲೆ ಕೊಳೆ ಹಸಿರಾಗಿ ಕಾಣುತ್ತದೆ. ಪಳಪಳ ಹೊಳೆಯುವ ಹಳದಿ ಪಿಗ್ಮೆಂಟುಗಳಲ್ಲಿ, ಅಂದರೆ ಬಣ್ಣ ಕೊಡುವ ಪುಡಿಗಳಲ್ಲಿ, ಹೆಚ್ಚಿನವು ಬೆಳಕನ್ನು ತಮ್ಮೊಳಗಿಂದ ಹಾಯಲು ಬಿಡುತ್ತವೆ. ಅದಕ್ಕೇ ಕೆಳಗಿನ ಕಪ್ಪು ಇಣುಕುತ್ತದೆ. ‘ಇನ್ನೂ ಗಟ್ಟಿಯಾಗಿ ಹಚ್ಚಬೇಕೇನೋ’ ಅಂದುಕೊಂಡು ಹೊಸಬರು ಮೇಲಿಂದ ಮೇಲೆ ಬಳಿಯುತ್ತಾರೆ. 28 ಮಿಲಿಮೀಟರ್ ಅಳತೆಯ ಗೊಂಬೆಯ ಕಣ್ಣು ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಬೆಲ್ಟಿನ ಬಕಲ್ಲು, ಬೆರಳುಗಳ ಸಂದು, ರೆಪ್ಪೆಯ ಅಂಚು, ಎಲ್ಲವೂ ಬಣ್ಣದಲ್ಲಿ ತುಂಬಿಹೋಗುತ್ತವೆ. ಕಬ್ಬಿಣದ ಆಕ್ಸೈಡಿನಿಂದ ಬರುವ ಓಕರ್ (ಮಣ್ಣಿನ ಬಣ್ಣದ) ಹಳದಿಯನ್ನು ಮೊದಲು ಹಚ್ಚಿ, ಒಣಗಿದ ಮೇಲೆ ಹೊಳೆಯುವ ಹಳದಿ ಹಚ್ಚಿದರೆ ಎರಡು ತೆಳು ಪದರಗಳಲ್ಲೇ ಕೆಲಸ ಮುಗಿಯುತ್ತದೆ. ಓಕರ್ ಚೆನ್ನಾಗಿ ಮುಚ್ಚುತ್ತದೆ, ಟೈಟಾನಿಯಂ ಬಿಳಿಯೂ ಹಾಗೆಯೇ.

ಇದರ ತಿರುಗುಮುರುಗೂ ಉಂಟು. ಸ್ಪೇನಿನ ವಯೆಹೊ ಕಂಪನಿಯ ಮಾಡೆಲ್ ಏರ್ ಬಣ್ಣಗಳು ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಶ್‌ಗಾಗಿ ಮಾಡಿದವು, ಅದೇ ಕಂಪನಿಯ, ಕುಂಚದಿಂದ ಹಚ್ಚುವ ಮಾಡೆಲ್ ಕಲರ್‌ಗಿಂತ ತುಂಬಾ ನೀರಾಗಿರುತ್ತವೆ. ಹಾಗಂತ ಮುಚ್ಚುವುದೇ ಇಲ್ಲ ಅಂತೇನಿಲ್ಲ. ಇನ್ನು ಗೊಂಬೆ ಬಣ್ಣಗಳ ಇನ್ನೊಂದು ಬ್ರ್ಯಾಂಡ್ ಸಿಟಾಡೆಲ್‌ನವರು 2019ರಲ್ಲಿ ತಂದ ಕಾಂಟ್ರಾಸ್ಟ್ ಬಣ್ಣಗಳನ್ನು ನೋಡಿ. ಬಣ್ಣವೇನೋ ಕಡು, ಆದರೆ ಕೆಳಗಿನದನ್ನು ಮುಚ್ಚುವುದಿಲ್ಲ. ಬಿಳಿ ಅಥವಾ ನಸುಬಣ್ಣದ ಪ್ರೈಮರ್ ಮೇಲೆ ಹಚ್ಚಿದಾಗ ಸಂದುಗಳಿಗೆ ಇಳಿದು ನೆರಳು ಕೊಡುತ್ತವೆ, ಉಬ್ಬುಗಳ ಮೇಲೆ ತೆಳ್ಳಗೆ ನಿಲ್ಲುತ್ತವೆ. ಕಪ್ಪಿನ ಮೇಲೆ ಹಚ್ಚಿದರೆ ಏನೂ ಕಾಣುವುದಿಲ್ಲ. ಇದನ್ನು ‘ತಿಳಿ ಬಣ್ಣ’ ಅಂದರೆ ತಪ್ಪಾಗುತ್ತದೆ, ‘ಗಟ್ಟಿ’ ಅಂದರೂ ತಪ್ಪಾಗುತ್ತದೆ.

ಆದ್ದರಿಂದ ಬಣ್ಣ ಎಷ್ಟು ನಸು, ಎಷ್ಟು ನೀರು, ಎಷ್ಟು ಮುಚ್ಚುತ್ತದೆ ಅನ್ನುವುದಕ್ಕೆ ಬೇರೆ ಬೇರೆ ಪದ ಬೇಕೇ ಬೇಕು. ಮೊದಲನೆಯದು ಸುಲಭ: ತಿಳಿ ಮತ್ತು ಕಡು. ‘ತಿಳಿ’ಯನ್ನು ಇದೊಂದಕ್ಕೇ ಮೀಸಲಿಡುತ್ತೇನೆ. ಎರಡನೆಯದಕ್ಕೆ ತೆಳು ಮತ್ತು ಮಂದ ಅನ್ನೋಣವೇ? ಮಂದ ಬಟ್ಟೆ, ಮಂದ ಕಂಬಳಿ ಅನ್ನುವಾಗ ಅರ್ಥ ಸರಿಯಾಗಿದೆ. ಆದರೆ ‘ಮಂದ ಕೆಂಪು’ ಅಂದ ತಕ್ಷಣ ಮಂದ ಬೆಳಕು ನೆನಪಾಗಿ, ಕಳೆಗುಂದಿದ ಕೆಂಪು ಅನ್ನಿಸಿಬಿಡುತ್ತದೆ. ‘ದಪ್ಪ’ ಅನ್ನಬಹುದು, ಅದು ಹಚ್ಚಿದ ಪದರಕ್ಕೆ ಹೊಂದುತ್ತದೆಯೇ ಹೊರತು ಬಾಟಲಿಯಲ್ಲಿರುವ ಬಣ್ಣಕ್ಕೆ ಅಷ್ಟಾಗಿ ಹೊಂದುವುದಿಲ್ಲ.

ಮೂರನೆಯದಕ್ಕೆ ಪಠ್ಯಪುಸ್ತಕದ ಪದಗಳು ಪಾರದರ್ಶಕ, ಅಪಾರದರ್ಶಕ. ಇವನ್ನು ಬಳಸಲು ಮನಸ್ಸಿಲ್ಲ. ಗಡಿಬಿಡಿಯಲ್ಲಿ ಓದುವಾಗ ಮೊದಲಿನ ‘ಅ’ ಕಣ್ಣಿಗೆ ಬೀಳುವುದಿಲ್ಲ, ಅರ್ಥ ತಲೆಕೆಳಗಾಗುತ್ತದೆ. ನಡುವಿನದಕ್ಕೆ ‘ಅರೆಪಾರದರ್ಶಕ’ ಬಂದರಂತೂ ಮೂರೂ ಒಂದೇ ಥರ ಕಾಣುತ್ತವೆ. ಗೋಡೆಗೆ ಬಣ್ಣ ಹೊಡೆಯುವವರು ‘ಕವರ್ ಆಗ್ತಿಲ್ಲ, ಇನ್ನೊಂದು ಕೋಟ್ ಬೇಕು’ ಅನ್ನುತ್ತಾರೆ. ನನ್ನ ಒಲವು ಅದೇ ದಾರಿಯಲ್ಲಿ: ‘ಮುಚ್ಚುವ ಬಣ್ಣ’, ‘ಅರೆಮುಚ್ಚುವ ಬಣ್ಣ’, ‘ಒಳತೋರುವ ಬಣ್ಣ’. ಇವು ಬಣ್ಣ ಏನು ಮಾಡುತ್ತದೆ ಅನ್ನುವುದನ್ನೇ ಹೇಳುತ್ತವೆ. ಕೊಳ್ಳುವವರು ತಾವೇ ಪರೀಕ್ಷೆ ಮಾಡಿಯೂ ನೋಡಬಹುದು. ಬಿಳಿ ರಟ್ಟಿನ ಮೇಲೆ ಕಪ್ಪು ಮಾರ್ಕರ್‌ನಿಂದ ಅಡ್ಡ ಗೆರೆ ಎಳೆದು, ಗೆರೆಯನ್ನು ದಾಟುವಂತೆ ಬಣ್ಣದ ಒಂದು ಪಟ್ಟಿ ಹಚ್ಚಿ, ಪೂರ್ತಿ ಒಣಗಲು ಬಿಡಬೇಕು. ಗೆರೆ ಮಾಯವಾದರೆ ಮುಚ್ಚುವ ಬಣ್ಣ, ಮಸುಕಾಗಿ ಕಂಡರೆ ಅರೆಮುಚ್ಚುವುದು, ಹಾಗೇ ಕಂಡರೆ ಒಳತೋರುವುದು. ಹಸಿಯಿದ್ದಾಗ ತೀರ್ಮಾನ ಮಾಡಬಾರದು. ಅಕ್ರಿಲಿಕ್‌ನ ಅಂಟು ಹಸಿಯಲ್ಲಿ ಹಾಲುಬಣ್ಣಕ್ಕಿದ್ದು ಒಣಗಿದಾಗ ಸ್ವಚ್ಛವಾಗುತ್ತದೆ, ಬಣ್ಣ ಒಂಚೂರು ಕಡುವಾಗುತ್ತದೆ.

ಈ ಗುಣಕ್ಕೆ ನಾಮಪದ ಮಾತ್ರ ಹೊಳೆಯುತ್ತಿಲ್ಲ. ‘ಈ ಬಣ್ಣದ ಹೊದಿಕೆ ಚೆನ್ನಾಗಿದೆ’ ಅಂದರೆ ನಿಮಗೆ ಕೂಡಲೇ ತಿಳಿಯುತ್ತದೆಯೇ? ‘ಮುಚ್ಚುಗೆ’ ಅಂದರೆ? ಅಥವಾ ಸುಮ್ನೆ ‘ಕವರೇಜ್’ ಅಂತಲೇ ಬಿಡಲೇ? ‘ಮಂದ’ ನಿಮ್ಮ ಕಡೆ ದ್ರವಗಳಿಗೆ ಈಗಲೂ ಬಳಕೆಯಲ್ಲಿದೆಯೇ? ಬಣ್ಣ, ಶಾಯಿ, ಅಂಟು, ಎಣ್ಣೆ, ಯಾವುದಕ್ಕಾದರೂ ಸರಿ, ಹೇಗೆ ಹೇಳುತ್ತೀರಿ ಅಂತ ಒಂದು ಪೂರ್ತಿ ವಾಕ್ಯ ಬರೆದು ತಿಳಿಸಿದರೆ ತುಂಬಾ ಉಪಕಾರವಾಗುತ್ತದೆ.