ದೇವರ ಹತ್ತಿರ ‘ಯಾಕೆ’ ಅಂತ ಕೇಳಿದರೆ ಅದು ಅವಿಶ್ವಾಸವಾ?

ತೋಟದಮನೆ, ಪುತ್ತೂರು ಕಡೆ:

ಎಲ್ಲರಿಗೂ ನಮಸ್ಕಾರ. ಕ್ರೈಸ್ತರು ಇಲ್ಲಿ ಕೆಲವರು ಇದ್ದೀರಿ ಅಂತ ಕೇಳುತ್ತಿದ್ದೇನೆ.

ಕಳೆದ ಮಳೆಗಾಲದಲ್ಲಿ ನಮ್ಮ ಯಜಮಾನರು ಅಡಿಕೆಗೆ ಮದ್ದು ಬಿಡಲು ಮರ ಹತ್ತಿದ್ದರು. ಮಳೆ ಸ್ವಲ್ಪ ಬಿಟ್ಟಿತ್ತು, ಕೊಳೆರೋಗ ಬರುವ ಮೊದಲು ಮುಗಿಸಬೇಕು ಅಂತ ಅವಸರ. ಮರ ಪಾಚಿ ಕಟ್ಟಿ ಜಾರುತ್ತಿತ್ತು. ಬಿದ್ದರು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ. ಆಪರೇಷನ್ ಆಯಿತು. ಇನ್ನು ನಡೆಯುವುದು ಕಷ್ಟ ಅಂತ ಡಾಕ್ಟರು ನೇರವಾಗಿಯೇ ಹೇಳಿದ್ದಾರೆ.

ನಮ್ಮದು ಹಳೇ ಬಾಸೆಲ್ ಮಿಷನ್ (ಪ್ರೊಟೆಸ್ಟಂಟ್) ಕುಟುಂಬ, ಈಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ನಮ್ಮ ಅಯ್ಯನವರು, ಅಂದರೆ ಸಭೆಯ ಪಾದ್ರಿ, ಬಂದು ಪ್ರಾರ್ಥನೆ ಮಾಡಿ ಹೋಗುತ್ತಾರೆ, ಅವರ ಬಗ್ಗೆ ದೂರಿಲ್ಲ. ಆದರೆ ಬೇರೊಂದು ಪ್ರಾರ್ಥನಾ ಕೂಟದವರು ಬಂದು ಹಣೆಗೆ ಎಣ್ಣೆ ಹಚ್ಚಿ, ‘ಅರಿಕೆ ಮಾಡದ ಪಾಪ ಏನೋ ಉಳಿದಿದೆ, ನಂಬಿಕೆ ಪೂರ್ತಿ ಇದ್ದರೆ ಎದ್ದು ನಡೆಯುತ್ತಾರೆ’ ಅಂದರು. ಆ ರಾತ್ರಿ ಇವರು ನಿದ್ದೆ ಮಾಡಲಿಲ್ಲ. ಚಿಕ್ಕಂದಿನಿಂದ ಮಾಡಿದ್ದನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಂಡು ನನಗೆ ಹೇಳುತ್ತಿದ್ದರು. ಹುಡುಗನಾಗಿದ್ದಾಗ ಪಕ್ಕದ ಮನೆಯ ಮಾವಿನಕಾಯಿ ಕದ್ದದ್ದು ಸಹ.

ಅತ್ತೆ ‘ದೇವರ ಚಿತ್ತ, ಯಾಕೆ ಅಂತ ಕೇಳಬಾರದು’ ಅನ್ನುತ್ತಾರೆ. ನನಗೆ ಕೇಳದೆ ಇರಲಿಕ್ಕೆ ಆಗುತ್ತಿಲ್ಲ. ಭಾನುವಾರ ಎಲ್ಲರೂ ಹಾಡುವಾಗ ನನ್ನ ಬಾಯಿ ತೆರೆಯುವುದಿಲ್ಲ. ಇದು ಅವಿಶ್ವಾಸವಾ?

ಕೋಲಾರದವ:

ಅಕ್ಕಾ, ಬೈಬಲಿನಲ್ಲಿ ಯೋಹಾನ 9ನೇ ಅಧ್ಯಾಯ ಓದಿ. ಹುಟ್ಟುಕುರುಡನನ್ನು ಕಂಡು ಶಿಷ್ಯರು ಕೇಳಿದ್ದೂ ಇದನ್ನೇ, ಪಾಪ ಇವನದಾ, ಅಪ್ಪ ಅಮ್ಮಂದಾ ಅಂತ. ಯೇಸು ಎರಡೂ ಅಲ್ಲ ಅಂದ. ಲೂಕ 13ರಲ್ಲಿ ಸಿಲೋವದ ಗೋಪುರ ಬಿದ್ದು 18 ಜನ ಸತ್ತ ವಿಷಯ ಬರುತ್ತದೆ. ಅವರು ಉಳಿದವರಿಗಿಂತ ಜಾಸ್ತಿ ಪಾಪಿಗಳಾ ಅಂತ ತಾನೇ ಕೇಳಿ, ಅಲ್ಲ ಅಂತ ತಾನೇ ಹೇಳುತ್ತಾನೆ. ನಿಮ್ಮವರು ಬಿದ್ದದ್ದು ಪಾಚಿಯಿಂದ. ಆ ಕೂಟದವರು ಇನ್ನೊಮ್ಮೆ ಬಂದರೆ ಬಾಗಿಲಲ್ಲೇ ಮಾತಾಡಿಸಿ ಕಳಿಸಿ.

ನಿವೃತ್ತ ನರ್ಸ್, ಧಾರವಾಡ:

ತಂಗಿ, ನಾನು ವೆಲ್ಲೂರಿನ ಸಿಎಂಸಿಯಲ್ಲಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜ್) ನರ್ಸಿಂಗ್ ಕಲಿತವಳು. ಬೆನ್ನುಹುರಿ ಪೆಟ್ಟಿನವರನ್ನು ವರ್ಷಗಟ್ಟಲೆ ನೋಡಿಕೊಂಡಿದ್ದೇನೆ, ಅವರಲ್ಲಿ ಮರದಿಂದ ಬಿದ್ದವರು ಎಷ್ಟೋ ಜನ. ಹಾಗಾಗಿ ಮೊದಲು ಕೆಲಸದ ಮಾತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದೀರಾ? ರಾತ್ರಿಯೂ? ಬೆನ್ನಿನ ಕೆಳತುದಿ, ಸೊಂಟದ ಎರಡೂ ಬದಿ, ಹಿಮ್ಮಡಿ, ಇಷ್ಟನ್ನು ದಿನಾ ಒಳ್ಳೆ ಬೆಳಕಿನಲ್ಲಿ ನೋಡಿ. ಚರ್ಮ ಕೆಂಪಾಗಿದ್ದು, ಬೆರಳಿನಿಂದ ಒತ್ತಿದರೂ ಬಿಳಿಚಿಕೊಳ್ಳದಿದ್ದರೆ ಹುಣ್ಣು ಶುರುವಾಗಿದೆ ಅಂತ ಅರ್ಥ. ಆ ಕಡೆ ಭಾರ ಬೀಳಬಾರದು, ಡಾಕ್ಟರಿಗೆ ತೋರಿಸಿ. ಅವರಿಗೆ ಅಲ್ಲಿ ನೋವು ಗೊತ್ತಾಗುವುದಿಲ್ಲ, ನೀವೇ ಕಣ್ಣಿಟ್ಟಿರಬೇಕು.

ಇನ್ನು ನಿಮ್ಮ ಪ್ರಶ್ನೆ. ಅವಿಶ್ವಾಸ ಖಂಡಿತ ಅಲ್ಲ. ಬೈಬಲಿನಲ್ಲಿ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬ ಅಂದರೆ ತಾಳ್ಮೆ ಅಂತ ಸಂಡೇ ಸ್ಕೂಲಿನಲ್ಲಿ ಕಲಿತು ನಾವು ಅಲ್ಲಿಗೇ ಬಿಟ್ಟುಬಿಡುತ್ತೇವೆ. 3ನೇ ಅಧ್ಯಾಯಕ್ಕೆ ಬಂದರೆ ಅವನು ತಾನು ಹುಟ್ಟಿದ ದಿನಕ್ಕೇ ಶಾಪ ಹಾಕುತ್ತಾನೆ. ಗೆಳೆಯರು ಏಳು ಹಗಲು ಏಳು ರಾತ್ರಿ ಒಂದು ಮಾತೂ ಆಡದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಅವರು ಮಾಡಿದ ಒಳ್ಳೆ ಕೆಲಸ ಅದೊಂದೇ. ಬಾಯಿ ಬಿಟ್ಟ ಮೇಲೆ ನಿಮ್ಮ ಮನೆಗೆ ಬಂದವರ ಮಾತನ್ನೇ ಆಡಿದರು. ಕೊನೆಗೆ ದೇವರಿಗೆ ಸಿಟ್ಟು ಬಂದದ್ದು ಈ ಗೆಳೆಯರ ಮೇಲೆ. ಯೋಬನೇ ಸರಿಯಾಗಿ ಮಾತಾಡಿದ ಅಂತಾನೆ ದೇವರು. 42ನೇ ಅಧ್ಯಾಯದ 7ನೇ ವಚನ, ನಿಮ್ಮ ಯಜಮಾನರಿಗೆ ಓದಿ ಹೇಳಿ.

ಆದರೆ ಯೋಬನಿಗೂ ಕಾರಣ ಸಿಗುವುದಿಲ್ಲ. ದೇವರು ಅಷ್ಟು ಹೊತ್ತು ಮಾತಾಡುತ್ತಾನೆ, ಯಾಕೆ ಅಂತ ಮಾತ್ರ ಹೇಳುವುದಿಲ್ಲ. ನನಗೆ ಇವತ್ತಿಗೂ ಅದು ಸುಲಭವಾಗಿ ಒಗ್ಗಿಲ್ಲ. ವಾರ್ಡಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಯೋಹಾನ 11. ಲಾಜರ ಸತ್ತಾಗ ಅವನ ಒಡಹುಟ್ಟಿದವರಾದ ಮಾರ್ಥಳೂ ಮರಿಯಳೂ ಯೇಸುವಿನ ಮುಖಕ್ಕೇ, ನೀನು ಇಲ್ಲಿದ್ದಿದ್ದರೆ ಅವನು ಸಾಯುತ್ತಿರಲಿಲ್ಲ ಅಂದರು. ಅವನು ಗದರಿಸಲಿಲ್ಲ. ಅತ್ತ. ಶಿಲುಬೆಯ ಮೇಲೆ ‘ಯಾಕೆ ಕೈಬಿಟ್ಟೆ’ ಅಂತ ಅವನೂ ಕೇಳಿದ. ಅತ್ತೆಯವರಿಗೆ ಅದನ್ನು ಮೆಲ್ಲಗೆ ನೆನಪಿಸಿ.

ಹಾಡಲಿಕ್ಕೆ ಆಗದಿದ್ದರೆ ಬಿಡಿ. 88ನೇ ಕೀರ್ತನೆ ಓದಿ. ಬೇರೆ ಎಷ್ಟೋ ಗೋಳಿನ ಕೀರ್ತನೆಗಳು ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ನಿಲ್ಲುತ್ತದೆ. ಅದನ್ನೂ ಬೈಬಲಿನಲ್ಲಿ ಇಟ್ಟಿದ್ದಾರಲ್ವಾ, ನಮ್ಮಂಥವರು ಪ್ರಾರ್ಥನೆ ಮಾಡಲಿ ಅಂತಲೇ.

ಶಿವಮೊಗ್ಗದ ಕಥೋಲಿಕ:

ನಮ್ಮಲ್ಲಿ ನೋವನ್ನು ಯೇಸುಸ್ವಾಮಿಯ ನೋವಿನ ಜೊತೆ ಕಾಣಿಕೆಯಾಗಿ ಒಪ್ಪಿಸು ಅನ್ನುತ್ತಾರೆ. ನನ್ನ ಅಮ್ಮ ಸಂಧಿವಾತದಲ್ಲಿ ಹಾಗೇ ಮಾಡುತ್ತಿದ್ದರು, ಜಪಸರ ಹಿಡಿಯಲಿಕ್ಕೂ ಬೆರಳು ಮಡಚದಿದ್ದಾಗ. ಅದು ಅವರಿಗೆ ಬಲ ಕೊಟ್ಟಿತು. ಆದರೆ ಒಪ್ಪಿಸುವುದು ನೋವು ತಿನ್ನುವವರಿಗೆ ಬಿಟ್ಟದ್ದು, ಪಕ್ಕದಲ್ಲಿ ನಿಂತವರು ಹೇಳಿಸಬಾರದು. 1984ರಲ್ಲಿ ಪೋಪ್ ಎರಡನೇ ಜಾನ್ ಪೌಲ್ ನೋವಿನ ಬಗ್ಗೆಯೇ ಒಂದು ಪತ್ರ ಬರೆದರು. ಅದರ ಕೊನೆಯ ಭಾಗದಲ್ಲಿ ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಕಥೆಯ ಮಾತು ಬರುತ್ತದೆ. ಪೆಟ್ಟು ತಿಂದು ಬಿದ್ದವನಿಗೆ ಅವನು ಉಪದೇಶ ಮಾಡಲಿಲ್ಲ, ಗಾಯ ಕಟ್ಟಿದ.

ತೋಟದಮನೆ:

ಎಲ್ಲರಿಗೂ ಥ್ಯಾಂಕ್ಸ್. ಯೋಬನ ಆ ವಚನ ಓದಿದೆ. ‘ಇನ್ನೊಮ್ಮೆ ಓದು’ ಅಂದರು. ಅಕ್ಕಾ, ಇವರು ಈಗ ಕೇಳುವುದು ಒಂದೇ, ನಾನಿನ್ನು ಯಾವುದಕ್ಕೆ ಆಗುತ್ತೇನೆ ಅಂತ. ಏನು ಹೇಳಲಿ?

ನಿವೃತ್ತ ನರ್ಸ್, ಧಾರವಾಡ:

ಡಾ. ಮೇರಿ ವರ್ಗೀಸ್ ಅವರ ವಿಷಯ ಹೇಳಿ. ವೆಲ್ಲೂರಿನಲ್ಲಿ ಎಳೆಯ ಡಾಕ್ಟರಾಗಿದ್ದಾಗ, 1954ರಲ್ಲಿ, ಕಾರು ಅಪಘಾತದಲ್ಲಿ ಅವರ ಎರಡೂ ಕಾಲಿನ ಸ್ವಾಧೀನ ಹೋಯಿತು, ನಿಮ್ಮ ಯಜಮಾನರ ಹಾಗೆಯೇ. ಆಮೇಲೆ ಅಲ್ಲಿನ ಸರ್ಜನ್ ಡಾ. ಪಾಲ್ ಬ್ರಾಂಡ್ ಅವರ ಹತ್ತಿರ ಕಲಿತು, ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಮಡಚಿಹೋದ ಕೈಗಳಿಗೆ ಆಪರೇಷನ್ ಮಾಡಿದರು. ಬೆನ್ನುಹುರಿ ಪೆಟ್ಟಿನವರಿಗೆ ಅಂತ 1966ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಕೇಂದ್ರ ಶುರುವಾದದ್ದು ಅವರಿಂದ. 1972ರಲ್ಲಿ ಪದ್ಮಶ್ರೀ ಬಂತು.

ಇದನ್ನೆಲ್ಲ ಮಾಡಿಸಲಿಕ್ಕೇ ದೇವರು ಅವರ ಬೆನ್ನು ಮುರಿದ ಅಂತ ಪ್ರಸಂಗದಲ್ಲಿ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮುರಿದದ್ದು ಅಪಘಾತ. ಆಮೇಲೆ ಅವರ ಜೊತೆ ಇದ್ದವನು ದೇವರು. ರೋಮಾಪುರದವರಿಗೆ ಬರೆದ ಪತ್ರದ 8:28 ಎಲ್ಲರ ಬಾಯಲ್ಲೂ ಇದೆ, ಎಲ್ಲವೂ ಒಳ್ಳೆಯದಕ್ಕೇ ಅಂತ. ಅದಕ್ಕಿಂತ ಎರಡೇ ವಚನ ಹಿಂದೆ ಪೌಲ, ಏನು ಬೇಡಿಕೊಳ್ಳಬೇಕೋ ನಮಗೆ ಗೊತ್ತಿಲ್ಲ, ಪವಿತ್ರಾತ್ಮನೇ ನಮಗಾಗಿ ನರಳುತ್ತಾನೆ ಅಂತಾನೆ. 28ಕ್ಕೆ ಹಾರುವ ಮೊದಲು 26ರಲ್ಲಿ ಎಷ್ಟು ದಿನ ಬೇಕಾದರೂ ಇರಿ.

ಅವರಿಂದ ಈಗಲೇ ದೊಡ್ಡದೇನೂ ಆಗಬೇಕಾಗಿಲ್ಲ. ಅಡಿಕೆ ಆರಿಸುವುದು ಅವರಿಗೆ ಗೊತ್ತಿರಬೇಕಲ್ಲ? ಪಟೋರ ಯಾವುದು, ಕೋಕ ಯಾವುದು ಅಂತ ದರ್ಜೆ ನೋಡಿ ಮೇಜಿನ ಮುಂದೆ ಕೂತು ಬೇರೆ ಮಾಡಲಿ, ತೋಟದ ಲೆಕ್ಕವೂ ಅವರ ಕೈಯಲ್ಲೇ ಇರಲಿ. ಕೂತಾಗ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಎರಡೂ ಕೈ ಊರಿ ಮೈ ಎತ್ತಬೇಕು, ಮರೆಯಬಾರದು. ಗಾಲಿಕುರ್ಚಿಯನ್ನು ಅಳತೆ ನೋಡದೆ ತರಬೇಡಿ. ಸೊಂಟದ ಅಗಲ, ಬಾಗಿಲಿನ ಅಗಲ ಎರಡನ್ನೂ ಅಳೆದು ಇಲ್ಲಿ ಹಾಕಿ, ಯಾವ ಥರದ್ದು ಕೇಳಬೇಕು ಅಂತ ಹೇಳುತ್ತೇನೆ.